ನೋವು ಇಲ್ಲ್ರಿ ಸರ್

ಪುಣೆ
22 ಜುಲೈ 2024

ಪರಮಣ್ಣ ಸರ್ ಅವರಿಗೆ ಕಸ್ತೂರಿಯ ನಮಸ್ಕಾರಗಳು.

ಕ್ಷೇಮ ಸಮಾಚಾರದ ಸಾಲುಗಳನ್ನು ನೀವು ಹಾರಿಸಿ ಓದುತ್ತೀರಿ ಎಂದು ಗೊತ್ತು, ಅದಕ್ಕೇ ಬರೆದಿಲ್ಲ. ಇಲ್ಲಿ ಸೋಮವಾರ ಬೆಳಿಗ್ಗೆ ನಮ್ಮ ಫೋನು ತೆಗೆದಿಟ್ಟುಕೊಂಡರೆ ಭಾನುವಾರ ಒಂದು ತಾಸು ಕೊಡುತ್ತಾರೆ. ಕೊಟ್ಟರೂ ನಿಮ್ಮ ಕಿವಿಗೂ ಫೋನಿಗೂ ಆಗಿಬರುವುದಿಲ್ಲ. ಆದ್ದರಿಂದ ಹನ್ನೆರಡು ವಾರ ಪತ್ರವೇ ಗತಿ. ಪಂದ್ಯ ಮುಗಿದ ಮೇಲೆ ಪ್ರತಿ ಹುಡುಗಿಯೂ ಒಂದು ಪುಟ ವರದಿ ಬರೆಯಬೇಕೆಂದು ಕಾಡುತ್ತಿದ್ದವರು ನೀವು. ಆ ರೂಢಿ ಇವತ್ತು ಉಪಯೋಗಕ್ಕೆ ಬಂತು.

ಕೋಚಿಂಗ್ ಕೋರ್ಸು ಚೆನ್ನಾಗಿದೆ. ಇಪ್ಪತ್ತೆರಡು ಜನ ಇದ್ದೇವೆ, ಎಲ್ಲರೂ ಖೋ ಖೋದವರು. ಮೊದಲ ದಿನವೇ ಮೇಡಂ ಹಲಗೆಯ ಮೇಲೆ ದೊಡ್ಡದಾಗಿ ಬರೆದರು: ಆಟಗಾರ್ತಿ ಮೊದಲು, ಪಂದ್ಯ ಆಮೇಲೆ. ನಾನೂ ದೊಡ್ಡದಾಗಿಯೇ ಬರೆದುಕೊಂಡೆ. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂರುವುದನ್ನು ಎಲ್ಲರಿಂದಲೂ ಮಾಡಿಸಿದರು. ನಾನು ಹಿಂದೆ ಕುರ್ಚಿಯ ಮೇಲೆ ಕೂತು ಟಿಪ್ಪಣಿ ಮಾಡಿಕೊಂಡೆ.

ನಾನು ಕಲಿಸುವ ವನದುರ್ಗದ ಶಾಲೆಯ ಹನ್ನೆರಡು ಹುಡುಗಿಯರನ್ನು ನಿಮ್ಮ ಕೈಗೆ ಒಪ್ಪಿಸಿ ಬಂದಿದ್ದೇನೆ. ನಿವೃತ್ತರಾದ ಮೇಲೂ ಸುರಪುರದಿಂದ ಎರಡು ಬಸ್ಸು ಬದಲಿಸಿ ಹೋಗಲು ಒಪ್ಪಿದಿರಿ, ಆ ಋಣ ದೊಡ್ಡದು. ಒಂದೇ ಕೋರಿಕೆ. ಆಟಕ್ಕೆ ಇಳಿಯುವ ಮೊದಲು ನೀವು ನಮ್ಮನ್ನು ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಇನ್ನೂ ನಡೆಸಿಕೊಂಡು ಬಂದಿದ್ದೇನೆ. “ಯಾರಿಗರೆ ನೋವು ಅದೇನ್ರೇ?” ಅಂದರೆ ಹನ್ನೆರಡು ಗಂಟಲು ಒಟ್ಟಿಗೆ “ಇಲ್ಲ್ರಿ ಸರ್!” ಎಂದು ಕೂಗಬೇಕು. ಆ ಕೂಗಿನಲ್ಲಿ ಮಾತ್ರ ನನ್ನನ್ನೂ ‘ಸರ್’ ಎಂದೇ ಕೂಗುತ್ತಾರೆ, ಬದಲಿಸಲು ಮನಸ್ಸು ಬರಲಿಲ್ಲ. ಅದು ತಪ್ಪದಂತೆ ನೋಡಿಕೊಳ್ಳಿ. ಅದರಿಂದಲೇ ಅವರಿಗೆ ಗಟ್ಟಿತನ ಬರುವುದು.

ಅವರಲ್ಲಿ ರೇವತಿಯ ಮೇಲೆ ಒಂದು ಕಣ್ಣಿರಲಿ.

ನಿಮ್ಮ
ಕಸ್ತೂರಿ


ಸುರಪುರ
30 ಜುಲೈ 2024

ಕಸ್ತೂರಿ,

ನಿನ್ನ ಪತ್ರ ಆರು ದಿನ ತಿರುಗಾಡಿ ಬಂದು ಮುಟ್ಟಿತು. ನಿನ್ನ ಹುಡುಗಿಯರೂ ಅಷ್ಟೇ, ಸೀಟಿ ಊದಿದ ಮೇಲೆ ಆರು ದಿನಕ್ಕೆ ಎದ್ದು ನಿಲ್ಲುತ್ತಾರೆ. ಬಿಸಿ ಮುಟ್ಟಿಸುತ್ತಿದ್ದೇನೆ.

ವನದುರ್ಗದ ಕೋಟೆಯ ಕೆಳಗಿನ ಮೈದಾನ ಮಳೆಗೆ ಕೆಸರಾಗಿತ್ತು, ಮೊರಂ ಮಣ್ಣು ಹಾಕಿಸಿದೆ. ಕಂಬ ಅಲ್ಲಾಡುತ್ತಿದ್ದವು, ನಾನೇ ನಿಂತು ಹೂಳಿಸಿದೆ. ಸುಗಲಮ್ಮ ಎಂಬ ಸಣ್ಣ ಹುಡುಗಿ ಇದ್ದಾಳಲ್ಲ, ಓಟ ಸಾಧಾರಣ, ಆದರೆ ಅಟ್ಟಿಸಿಕೊಂಡು ಬರುವವಳ ಭುಜ ನೋಡಿ ಓಡುತ್ತಾಳೆ. ಅದನ್ನು ಯಾರಿಗೂ ಕಲಿಸಲು ಬರುವುದಿಲ್ಲ. ರೇವತಿಯ ವಿಷಯ ಹೇಳುವುದೇ ಬೇಡ. ಅವಳು ಮೈದಾನಕ್ಕೆ ಇಳಿದರೆ ನನಗೆ ಹದಿನೈದು ವರ್ಷ ಹಿಂದಿನ ಒಬ್ಬಳು ನೆನಪಾಗುತ್ತಾಳೆ. ಅವಳ ಹೆಸರು ಬರೆದರೆ ಅವಳ ತಲೆ ತಿರುಗೀತು, ಬಿಡು.

ತತ್ವ ಗಿತ್ವ ಬರೆದುಕೋ. ಆದರೆ ಪುಸ್ತಕದ ಬದನೆಕಾಯಿಯಿಂದ ಯಾರ ಹೊಟ್ಟೆಯೂ ತುಂಬಿದ್ದಿಲ್ಲ. ಕುರ್ಚಿಯ ಮೇಲೆ ಕೂತು ಖೋ ಖೋ ಕಲಿಯುವವಳನ್ನು ಇದೇ ಮೊದಲು ನೋಡಿದೆ. ಶಹಾಪುರದ ಮೈದಾನದಲ್ಲಿ ಊಟ ಬಿಟ್ಟು ಸಾಲಿನಲ್ಲಿ ಕೂರುತ್ತಿದ್ದವಳು ಮದುವೆಯಾದ ಮೇಲೆ ಸೋಮಾರಿಯಾದೆಯಾ? ನಿನ್ನ ಅಪ್ಪ ಸೂಗಪ್ಪ ಅವತ್ತು ನಿನ್ನ ಆಟ ಬಿಡಿಸದೇ ಇದ್ದಿದ್ದರೆ ಇವತ್ತು ನೀನು ಹಲಗೆಯ ಆ ಕಡೆ ನಿಂತು ಕಲಿಸುತ್ತಿದ್ದೆ. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ನಿಮ್ಮ ಊರು ಸಗರದ ಮೇಲೆ ಬಸ್ಸಿನಲ್ಲಿ ಹೋದರೂ ಅವನ ಮನೆಯ ಕಡೆ ಮುಖ ಮಾಡುವುದಿಲ್ಲ.

ಪರಮಣ್ಣ


ಪುಣೆ
6 ಆಗಸ್ಟ್ 2024

ಸರ್ ಅವರಿಗೆ,

ಅಪ್ಪನ ವಿಷಯ ಬಿಡಿ ಸರ್. ಹಳೆಯ ಮಾತು.

ಈ ವಾರ ನಡೆದದ್ದನ್ನು ಹೇಳಬೇಕು. ಮೇಡಂ ಬೆಳಿಗ್ಗೆ ನಮ್ಮನ್ನು ಸಾಲಾಗಿ ನಿಲ್ಲಿಸಿ “ಯಾರಿಗಾದರೂ ನೋವಿದೆಯೇ?” ಎಂದು ಕೇಳಿದರು. ನನಗೆ ನಗು ಬಂತು, ನಮ್ಮ ಸರ್ ಪ್ರಶ್ನೆ ಪುಣೆಗೂ ಬಂದಿದೆಯಲ್ಲ ಎಂದು. ಇಪ್ಪತ್ತೆರಡು ಜನವೂ ಇಲ್ಲ ಎಂದೆವು. ಎಲ್ಲರಿಗಿಂತ ಜೋರಾಗಿ ನಾನೇ. ಆಮೇಲೆ ಒಬ್ಬೊಬ್ಬರಿಗೆ ಒಂದು ಚೀಟಿ ಕೊಟ್ಟು, ಹೆಸರು ಬರೆಯದೆ ಅದೇ ಪ್ರಶ್ನೆಗೆ ಉತ್ತರ ಬರೆಯಲು ಹೇಳಿದರು. ಹದಿನಾಲ್ಕು ಚೀಟಿಗಳಲ್ಲಿ ನೋವು ಇತ್ತು! ಸೊಂಟ, ಭುಜ, ಹಿಮ್ಮಡಿ, ಎಲ್ಲ. ಮೇಡಂ ಹೇಳಿದ್ದಿಷ್ಟು: ಎಲ್ಲರ ಮುಂದೆ ಕೇಳಿದರೆ ಅದು ಪ್ರಶ್ನೆ ಅಲ್ಲ, ಜೈಕಾರ.

ನನ್ನ ಚೀಟಿ ಖಾಲಿ ಇತ್ತು.

ನೀವು ಇದನ್ನು ಮಾಡಿ ನೋಡಬೇಕೆಂದು ಹೇಳುತ್ತಿಲ್ಲ, ಕಲಿತದ್ದನ್ನು ತಿಳಿಸುತ್ತಿದ್ದೇನೆ ಅಷ್ಟೆ. ಇಲ್ಲಿಯ ಬೇಳೆಗೆ ಬೆಲ್ಲ ಹಾಕುತ್ತಾರೆ. ಊಟದ ಜೊತೆ ಹಚ್ಚಿಕೊಳ್ಳಲು ತಂದ ಶೇಂಗಾ ಹಿಂಡಿ ಮುಗಿಯುತ್ತಾ ಬಂತು. ಅದು ಮುಗಿದ ದಿನ ನನಗೂ ನೋವು ಶುರುವಾಗಬಹುದು.

ಕಸ್ತೂರಿ


ಸುರಪುರ
14 ಆಗಸ್ಟ್ 2024

ಕಸ್ತೂರಿ,

ಚೀಟಿ ಎತ್ತಿ ಆಟ ಆಡಿಸುವ ಕಾಲ ಬಂತು ಅನ್ನು. ನಾಳೆ ಸ್ವಾತಂತ್ರ್ಯದ ದಿನ, ಚೀಟಿಯಲ್ಲೇ ಧ್ವಜ ಏರಿಸಿಬಿಡೋಣ.

ನಾನು ಮೂವತ್ತೊಂದು ವರ್ಷ ಆ ಪ್ರಶ್ನೆ ಕೇಳಿದ್ದೇನೆ. ಒಮ್ಮೆಯೂ ಒಬ್ಬಳೂ ನೋವಿದೆ ಎಂದವಳಲ್ಲ. ನಿನ್ನ ಮೇಡಂ ಪ್ರಕಾರ ಎಲ್ಲರೂ ಸುಳ್ಳು ಹೇಳಿದರೋ? ನೀನೂ ಹೇಳಿದೆಯೋ? ನಿನ್ನೆಯೂ ಕೇಳಿದೆ. ನನ್ನ ಕಿವಿಗೂ ಕೇಳಿಸುವಷ್ಟು ಜೋರಾಗಿ ಕೂಗಿದರು. ಹುಡುಗಿಯರು ಗಟ್ಟಿ ಇದ್ದಾರೆ.

ಒಬ್ಬಳ ಮೇಲೆ ಮಾತ್ರ ಬೇಸರ. ರೇವತಿಗೆ ಈಚೆಗೆ ಮೈಗಳ್ಳತನ ಬಂದಿದೆ. ಬಲಕ್ಕೆ ತಿರುಗುವಾಗ ಮಿಂಚು, ಎಡಕ್ಕೆ ತಿರುಗುವಾಗ ಎಮ್ಮೆ. ಏನಾಗಿದೆ ಎಂದರೆ “ಏನಿಲ್ಲ್ರಿ ಸರ್, ನಾಳಿ ಓಡ್ತೀನ್ರಿ” ಅನ್ನುತ್ತಾಳೆ. ತಾಲ್ಲೂಕಿನವರು ಹೊಗಳಿ ಹೊಗಳಿ ತಲೆಗೆ ಏರಿಸಿದ್ದಾರೆ. ನಿನ್ನೆ ಕೋಟೆಯ ಸುತ್ತ ಮೂರು ಸುತ್ತು ಹೆಚ್ಚಿಗೆ ಓಡಿಸಿದೆ. ತುಟಿ ಪಿಟಕ್ಕೆನ್ನದೆ ಓಡಿದಳು. ನಿನ್ನ ಪುಸ್ತಕದಲ್ಲಿ ಸೋಮಾರಿತನಕ್ಕೆ ಮದ್ದು ಇದ್ದರೆ ಬರೆ.

ತಾಲ್ಲೂಕು ಪಂದ್ಯ 29ಕ್ಕೆ.

ಪರಮಣ್ಣ


ಪುಣೆ
21 ಆಗಸ್ಟ್ 2024

ಸರ್ ಅವರಿಗೆ,

ಮದ್ದು ಇದೆ. ಎಡ ತಿರುವು ನಿಧಾನವಾಗುವುದು ಬಲಗಾಲಿಗೆ ಬಲ ಸಾಲದೆ ಎಂದು ಕಳೆದ ವಾರವಷ್ಟೇ ಪಾಠವಾಯಿತು. ಎಡಕ್ಕೆ ತಿರುಗಬೇಕಾದರೆ ಬಲಗಾಲು ಊರಬೇಕು, ಆ ಕಾಲಿಗೆ ಕೆಲಸ ಹೆಚ್ಚು ಕೊಡಬೇಕು. ಒಂದು ಪಟ್ಟಿ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ದಿನಕ್ಕೆ ನಲವತ್ತು ಎಡ ತಿರುವು, ವಾರಕ್ಕೆ ಹತ್ತರಂತೆ ಏರಿಸುವುದು. ಭಾರವನ್ನು ಮೆಲ್ಲಗೆ ಏರಿಸು ಎನ್ನುವುದು ಇಲ್ಲಿಯ ಎರಡನೆಯ ತತ್ವ. ಪಟ್ಟಿಗೆ ಮೇಡಂ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು.

ಒಂದು ಮಾತು ನೆನಪಿಡಿ ಸರ್. ಯಾದಗಿರಿಯ ಜಿಲ್ಲಾ ಫೈನಲ್ ನೋಡಲು ಕ್ರೀಡಾ ಹಾಸ್ಟೆಲ್ ಆಯ್ಕೆಗಾರರು ಬರುತ್ತಾರೆ. ಮುಂದಿನ ವರ್ಷ ರೇವತಿಗೆ ವಯಸ್ಸು ಮೀರುತ್ತದೆ. ಅವಳ ಅವ್ವ ಮಲ್ಲಾಬಾಯಿ ಒಂದು ದಿನ ನನ್ನ ಹತ್ತಿರ ಬಂದು “ಆಕಿ ಓಡೂದು ಬಿಟ್ರ ಬ್ಯಾರೆ ಏನೂ ಕೇಳಂಗಿಲ್ರಿ ಟೀಚರ್, ಓಡಲಿ ಬಿಡ್ರಿ” ಅಂದಿದ್ದಳು. ಇದು ಅವಳಿಗೆ ಸಿಗುವ ಒಂದೇ ಅವಕಾಶ. ನನಗೆ ಸಿಕ್ಕಿದ್ದೂ ಒಂದೇ ಆಗಿತ್ತು.

ಪಟ್ಟಿಯನ್ನು ತಪ್ಪದೆ ಮಾಡಿಸಿ.

ಕಸ್ತೂರಿ


ಸುರಪುರ
31 ಆಗಸ್ಟ್ 2024

ಕಸ್ತೂರಿ,

ತಾಲ್ಲೂಕು ಗೆದ್ದೆವು. ಆ ಸುದ್ದಿ ಅಷ್ಟಕ್ಕೇ ಇರಲಿ.

ನಿನ್ನ ಪಟ್ಟಿಯನ್ನು ನಾಲ್ಕು ದಿನ ಮಾಡಿಸಿದೆ. ಪಂದ್ಯದ ಮರುದಿನ, ಅಂದರೆ ನಿನ್ನೆ, ನಿನ್ನ ಮೇಡಂ ಮಾತು ಸುಳ್ಳು ಮಾಡಿ ನಿನಗೆ ಬರೆಯಬೇಕೆಂದು ಹುಡುಗಿಯರಿಗೆ ಚೀಟಿ ಹಂಚಿದೆ. ನಿಜ ಹೇಳುತ್ತೇನೆ, ಚೇಷ್ಟೆಗೇ ಹಂಚಿದ್ದು. ಐದು ಖಾಲಿ ಬಂದವು. ಒಬ್ಬಳು ‘ಊಟ ಆದ ಕೂಡಲೇ ಓಡಿಸಬ್ಯಾಡ್ರಿ’ ಎಂದು ಬರೆದಿದ್ದಳು. ಇಬ್ಬರು ತಿಂಗಳ ಹೊಟ್ಟೆನೋವು. ಇನ್ನು ಮೂವರದು ಸಣ್ಣಪುಟ್ಟ ತರಚು. ಹನ್ನೆರಡನೆಯದರಲ್ಲಿ ಇದ್ದದ್ದನ್ನು ಹಾಗೇ ಬರೆಯುತ್ತೇನೆ: ‘ಬಲಗಾಲು. ಒಂದು ತಿಂಗಳಾತು. ಯಾರು ಅಂತ ಕೇಳಬ್ಯಾಡ್ರಿ.’

ಅಕ್ಷರ ಯಾರದೆಂದು ಹೋಲಿಸಿ ನೋಡಲಿಲ್ಲ. ಮನೆಗೆ ಹೊರಟಾಗ ಬೂಟು ಬಿಚ್ಚುವವರಲ್ಲಿ ಕೊನೆಯವಳು ಯಾರೆಂದು ನೋಡಿದೆ. ರೇವತಿ ಬಿಚ್ಚಲೇ ಇಲ್ಲ, ಹಾಕಿಕೊಂಡೇ ಹೊರಟಳು. ಕರೆದು ಕೂರಿಸಿ ಬಿಚ್ಚಿಸಿದರೆ ಪಾದದ ಕೀಲು ಬಾತು ಮಿರಿಮಿರಿ ಮಿಂಚುತ್ತಿತ್ತು. ಮಲ್ಲಾಬಾಯಿ ಪ್ರತಿ ರಾತ್ರಿ ಬಿಸಿ ಎಣ್ಣೆ ಹಾಕಿ ತಿಕ್ಕುತ್ತಿದ್ದಳಂತೆ, ತಿಕ್ಕಿದಷ್ಟೂ ಬಾವು ಹೆಚ್ಚಿದೆ. ಹಗಲು ನಾನು ಕೋಟೆ ಸುತ್ತಿಸಿದೆ. ಮೇಲೆ ನಿನ್ನ ನಲವತ್ತು ತಿರುವು. ಮೂವರೂ ಕೂಡಿ ಒಂದು ಕಾಲಿಗೆ ಎಷ್ಟು ಉಪಕಾರ ಮಾಡಿದ್ದೇವೆ ನೋಡು.

ಇವತ್ತು ಬೆಳಿಗ್ಗೆ ಶಹಾಪುರದ ಡಾಕ್ಟರರಿಗೆ ತೋರಿಸಿದೆ. ಲಿಗಮೆಂಟ್ ಅರ್ಧ ಹರಿದಿದೆ ಎಂದರು. ಮೂರು ವಾರ ಓಡುವಂತಿಲ್ಲ. ಈಗ ಓಡಿದರೆ ಪೂರ್ತಿ ಹರಿದು ಕೀಲು ಸಡಿಲಾಗಿ ಉಳಿಯಬಹುದು ಎಂದರು. ಫೈನಲ್ 13ಕ್ಕೆ. ಎರಡೇ ವಾರ ಇದೆ.

ರೇವತಿ ಬಸ್ಸಿನಲ್ಲಿ ನನ್ನ ಅಂಗಿ ಹಿಡಿದು “ಟೀಚರ್‌ಗೆ ಬರೀಬ್ಯಾಡ್ರಿ ಸರ್, ನಾ ಓಡ್ತೀನ್ರಿ, ಕಟ್ಟಿಗೊಂಡು ಓಡ್ತೀನ್ರಿ” ಎಂದು ಊರು ಬರುವವರೆಗೂ ಅತ್ತಳು. ಬರೆಯುತ್ತಿದ್ದೇನೆ. ತತ್ವ ನಿನ್ನದು, ಹುಡುಗಿಯೂ ನಿನ್ನವಳು. ನೀನು ಹೇಳಿದಂತೆ ಮಾಡುತ್ತೇನೆ. ಬೇಗ ಉತ್ತರ ಕೊಡು.

ಪರಮಣ್ಣ


ಪುಣೆ
5 ಸೆಪ್ಟೆಂಬರ್ 2024

ಸರ್ ಅವರಿಗೆ,

ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಇವತ್ತು ಶಿಕ್ಷಕರ ದಿನ, ಮೊದಲು ನಮಸ್ಕಾರ.

ರೇವತಿ ಆಡಬೇಕು. ಹನ್ನೆರಡನೆಯ ತಾರೀಖಿನವರೆಗೆ ಪೂರ್ತಿ ವಿಶ್ರಾಂತಿ ಕೊಡಿ. ಎಣ್ಣೆ ತಿಕ್ಕುವುದು ಇವತ್ತೇ ನಿಲ್ಲಲಿ, ಮಂಜುಗಡ್ಡೆ ಇಡಿಸಿ. ಪಂದ್ಯದ ದಿನ ಬಿಗಿಯಾಗಿ ಬ್ಯಾಂಡೇಜ್ ಕಟ್ಟಿ ಓಡುವವರ ಕೊನೆಯ ಮೂವರ ಗುಂಪಿನಲ್ಲಿ ಇಳಿಸಿ. ಎರಡು ನಿಮಿಷ ಓಡಿದರೆ ಸಾಕು. ಎಡ ತಿರುವು ಬೇಡ, ಕಂಬದ ಸುತ್ತ ಬಲಕ್ಕೇ ಆಡಲಿ. ಆಯ್ಕೆಗಾರರು ಕುರ್ಚಿಯಿಂದ ಮುಂದೆ ಬಾಗುವುದಕ್ಕೆ ಅವಳ ಎರಡು ನಿಮಿಷ ಸಾಕು.

ಮೇಡಂ ಬರೆಸಿದ ತತ್ವ ಮರೆತಿಲ್ಲ. ಆದರೆ ಮೇಡಂಗೆ ವನದುರ್ಗ ಗೊತ್ತಿಲ್ಲ. ಒಂದು ಸಲ ಬಸ್ಸು ತಪ್ಪಿದರೆ ಇಲ್ಲಿಯವರಿಗೆ ಇನ್ನೊಂದು ಬಸ್ಸು ಇರುತ್ತದೆ, ನಮ್ಮ ಕಡೆಯವರಿಗೆ ಇರುವುದಿಲ್ಲ. ಮೂರು ವಾರ ಅಂದರೆ ಡಾಕ್ಟರರು ಯಾವಾಗಲೂ ಒಂದು ವಾರ ಸೇರಿಸಿಯೇ ಹೇಳುತ್ತಾರೆ. ಆ ವಯಸ್ಸಿನ ಕಾಲು ತಾನೇ ಕೂಡಿಕೊಳ್ಳುತ್ತದೆ.

(ಇಲ್ಲಿ ಒಂದು ಸಾಲು ಹೊಡೆದು ಹಾಕಿದ್ದೇನೆ, ಕ್ಷಮಿಸಿ. ಅವಸರದಲ್ಲಿ ಬರೆದೆ.)

ನಾನು ಹೇಳಿದಂತೆ ಮಾಡುತ್ತೇನೆ ಎಂದು ಬರೆದಿದ್ದೀರಿ. ಮಾತು ಉಳಿಸಿಕೊಳ್ಳಿ ಸರ್.

ಕಸ್ತೂರಿ


ಯಾದಗಿರಿ ಬಸ್ ನಿಲ್ದಾಣ
14 ಸೆಪ್ಟೆಂಬರ್ 2024
(ಕಾರ್ಡು)

ಕಸ್ತೂರಿ,
ನಿನ್ನೆ ಬಳಿಚಕ್ರದ ಶಾಲೆಯವರಿಗೆ ಸೋತೆವು. ಹದಿಮೂರಕ್ಕೆ ಹನ್ನೆರಡು. ರೇವತಿ ಆಡಲಿಲ್ಲ. ಆಡಿಸದವನು ನಾನು, ಬೇರೆ ಯಾರೂ ಅಲ್ಲ. ನಿನ್ನ ಪತ್ರ 9ಕ್ಕೇ ಮುಟ್ಟಿತ್ತು. ಉಳಿದದ್ದು ಆಮೇಲೆ ಬರೆಯುತ್ತೇನೆ.
ಪರಮಣ್ಣ


ಪುಣೆ
19 ಸೆಪ್ಟೆಂಬರ್ 2024

ಪರಮಣ್ಣ ಸರ್ ಅವರಿಗೆ,

ಕಾರ್ಡು ಬರುವ ಮೊದಲೇ ಭಾನುವಾರದ ಫೋನಿನಲ್ಲಿ ನನ್ನ ಗಂಡ ಹೇಳಿದರು. ಇಡೀ ತಾಲ್ಲೂಕಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ಒಂದೇ ಒಂದು ಪಾಯಿಂಟು. ಅವಳ ಎರಡು ನಿಮಿಷ ಇದ್ದಿದ್ದರೆ ಆ ಪಾಯಿಂಟು ಅವರಿಗೆ ಸಿಗುತ್ತಿತ್ತೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ನೀವು ಬಾಯಿಯ ಹತ್ತಿರ ಬಂದದ್ದನ್ನು ತಟ್ಟಿ ಕೆಡವಿದಿರಿ. ಮಾತು ಕೊಟ್ಟು ಮುರಿದಿರಿ. ಅದೂ ಯಾರು? ಮೂವತ್ತೊಂದು ವರ್ಷ ನೋವು ಎನ್ನುವ ಶಬ್ದವನ್ನೇ ಮೈದಾನದೊಳಗೆ ಬಿಡದವರು. ಜ್ವರ ಬಂದವಳನ್ನು ಓಡಿಸಿದ್ದೀರಿ, ಬೆರಳು ಮುರಿದವಳನ್ನು ಸಾಲಿನಲ್ಲಿ ಕೂರಿಸಿ ಆಡಿಸಿದ್ದೀರಿ, ನಾವೆಲ್ಲ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇವೆ. ನನ್ನ ಹುಡುಗಿಯ ಸರದಿ ಬಂದಾಗಲೇ ನಿಮಗೆ ದಯೆ ಹುಟ್ಟಬೇಕಿತ್ತೇ?

ಮೊನ್ನೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು: ಗಾಯಗೊಂಡ ಆಟಗಾರ್ತಿಯನ್ನು ನಿರ್ಣಾಯಕ ಪಂದ್ಯದಲ್ಲಿ ಆಡಿಸುವಿರಾ, ಕಾರಣ ಕೊಡಿ. ಆಡಿಸುವುದಿಲ್ಲ ಎಂದು ಎರಡು ಪುಟ ಬರೆದೆ.

ನೀವು ಇನ್ನು ಮುಂದೆ ವನದುರ್ಗಕ್ಕೆ ಹೋಗುವ ತೊಂದರೆ ತೆಗೆದುಕೊಳ್ಳುವುದು ಬೇಡ. ಅಕ್ಟೋಬರ್ 5ಕ್ಕೆ ನಾನೇ ಬರುತ್ತೇನೆ.

ಕಸ್ತೂರಿ


ಸುರಪುರ
25 ಸೆಪ್ಟೆಂಬರ್ 2024

ಕಸ್ತೂರಿ,

ಬೈದದ್ದು ಸರಿಯಾಗಿಯೇ ಬೈದಿದ್ದೀಯ. ಮಾತು ಮುರಿದವನನ್ನು ಬೈಯಲೇಬೇಕು. ಮುರಿದದ್ದು ಹೇಗೆಂದು ಹೇಳುತ್ತೇನೆ, ಒಪ್ಪುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನ ಪತ್ರ ಬಂದಾಗ ನಾನು ಬ್ಯಾಂಡೇಜ್ ತರಲು ಹೊರಟಿದ್ದೆ. ಹೌದು, ನೀನು ಹೇಳಿದಂತೆಯೇ ಮಾಡಲು. ಆದರೆ ನೀನು ಹೊಡೆದು ಹಾಕಿದ ಸಾಲು ಕಣ್ಣಿಗೆ ಬಿತ್ತು. ಹುಡುಗಿಯರ ವರದಿ ಓದಿ ಓದಿ ನನಗೆ ಒಂದು ಕೆಟ್ಟ ಚಾಳಿ ಇದೆ, ಹೊಡೆದು ಹಾಕಿದ್ದನ್ನೇ ಮೊದಲು ಓದುತ್ತೇನೆ. ಕಾಗದವನ್ನು ಬಿಸಿಲಿಗೆ ಹಿಡಿದೆ. ‘ಗುಲ್ಬರ್ಗದಲ್ಲಿ ನಾನೂ ಕಟ್ಟಿಕೊಂಡೇ ಆಡಿದ್ದೆ, ನಿಮಗೆ ಗೊತ್ತಾಗಲಿಲ್ಲ’ ಎಂದಿತ್ತು.

ಅಲ್ಲಿಂದ ನೇರ ಸಗರಕ್ಕೆ ಹೋದೆ. ಹದಿನೈದು ವರ್ಷದ ಮೇಲೆ ನಿಮ್ಮ ಮನೆಯ ಕಟ್ಟೆ ಹತ್ತಿದೆ. ಸೂಗಪ್ಪ ನನ್ನನ್ನು ನೋಡಿ ಎದ್ದು ನಿಂತ. “ಕಸ್ತೂರಿ ಆಟ ಯಾಕ ಬಿಡಿಸಿದಿ?” ಎಂದು ಕೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಾ ಹೇಳಿದ. “ನಾ ಎಲ್ಲಿ ಬಿಡಿಸೀನ್ರಿ ಮಾಸ್ತರ? ಗುಲ್ಬರ್ಗದಿಂದ ಬಂದ ದಿನ ಮೊಣಕಾಲು ಕುಂಬಳಕಾಯಿ ಆಗಿತ್ತು. ಮೂರು ತಿಂಗಳು ಗ್ವಾಡಿ ಹಿಡಕೊಂಡು ನಡದಾಳ. ನಿಮಗ ಹೇಳಿ ಬರ್ತೀನಿ ಅಂದ್ರ ನನ್ನ ಕಾಲು ಹಿಡಕೊಂಡ್ಳು. ‘ಸರ್‌ಗೆ ಹೇಳಬ್ಯಾಡಪ್ಪ, ಇಲ್ಲ್ರಿ ಸರ್ ಅಂತ ಒದರೀನಿ, ಸುಳ್ಳಿ ಅಂತಾರ. ನೀನೇ ಬಿಡಿಸಿದಿ ಅಂತ ಹೇಳು’ ಅಂದ್ಳು. ಹೇಳಿದೆ. ನೀವು ಸಿಟ್ಟಾದ್ರಿ. ಆಗ್ಲಿ ಅಂತ ಸುಮ್ಮನಾದೆ.”

ಇಷ್ಟು ಹೇಳಿ, ಚಹಾ ಕುಡಿಯುತ್ತೀರಾ ಎಂದು ಕೇಳಿದ. ನನಗೆ ಅಲ್ಲೇ ಅಳು ಬಂತು, ಮುಚ್ಚಿಡುವುದು ಏನಿದೆ. ಅವನ ಕೈ ಹಿಡಿದು ತಪ್ಪಾಯಿತು ಎಂದೆ. ಚಹಾ ಕುಡಿದೆ. ಮಗಳ ಕಾಲು ಕೆಡಿಸಿದವನಿಗೆ ಚಹಾ ಕೊಡುವುದು ಎಷ್ಟು ದೊಡ್ಡದೆಂದು ಬಸ್ಸಿನಲ್ಲಿ ವಾಪಸು ಬರುವಾಗ ಗೊತ್ತಾಯಿತು.

ಆ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಗುಲ್ಬರ್ಗಕ್ಕೇ ಹೋಗಿದ್ದೆವು. ಕೊನೆಯ ಪಾಳಿಯಲ್ಲಿ ನೀನು ನಾಲ್ಕು ನಿಮಿಷ ಓಡಿದೆ. ಗೆದ್ದೆವು. ನಾನು ನಿನ್ನನ್ನು ಹೆಗಲ ಮೇಲೆ ಎತ್ತಿಕೊಂಡೆ, ನೀನು ಅಳುತ್ತಿದ್ದೆ. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ. ಹದಿನೈದು ವರ್ಷ ಹಾಗೇ ಎಲ್ಲರಿಗೂ ಹೇಳಿಕೊಂಡು ಬಂದೆ.

ಆಮೇಲೆ ರೇವತಿಯನ್ನು ಆಡಿಸಲು ನನ್ನಿಂದ ಆಗಲಿಲ್ಲ. ನಿಮ್ಮ ಕೋರ್ಸಿನ ಆಫೀಸಿಗೆ ಫೋನು ಮಾಡಿ ನಿನಗೆ ತಿಳಿಸಬಹುದಿತ್ತು, ಯಾರಿಂದಲಾದರೂ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ನೀನು ಹಟ ಹಿಡಿದರೆ ನಾನು ಸೋಲುತ್ತೇನೆ ಎಂದು ಹೆದರಿದೆ.

ಫೈನಲ್ಲಿನಲ್ಲಿ ಸುಗಲಮ್ಮ ಎರಡು ನಿಮಿಷ ನಲವತ್ತು ಸೆಕೆಂಡು ಓಡಿದಳು. ಆಯ್ಕೆಗಾರರು ಹೆಸರು ಬರೆದುಕೊಂಡರು, ಏನಾಗುತ್ತದೋ ಗೊತ್ತಿಲ್ಲ. ರೇವತಿಗೆ ಹಾಸ್ಟೆಲ್ ಹೋಯಿತು. ನಾನು ಅದನ್ನು ಸಿಹಿ ಮಾಡಿ ಹೇಳುವುದಿಲ್ಲ. ಮಲ್ಲಾಬಾಯಿ ಬಂದು “ಕಾಲು ಉಳಿಸೀರಿ ಖರೆ ಸರ್, ಆಕಿ ಮೂರು ದಿನ ಉಂಡಿಲ್ಲ” ಎಂದಳು. ಅವಳ ಕಾಲಿಗೆ ಈಗ ಬಾವು ಇಲ್ಲ, ಆದರೆ ಮೂರು ವಾರ ಸಾಲಲಿಲ್ಲ, ದಸರಾ ಮುಗಿದ ಮೇಲೆ ಮೆಲ್ಲಗೆ ಓಡಬಹುದು ಎಂದಿದ್ದಾರೆ ಡಾಕ್ಟರರು. ದಿನಾ ಮೈದಾನಕ್ಕೆ ಬರುತ್ತಾಳೆ. ಗೆರೆಯ ಹೊರಗೆ ನನಗೆ ಬೆನ್ನು ಹಾಕಿ ಕೂರುತ್ತಾಳೆ. ಒಂದೇ ಸಲ ಮಾತಾಡಿದಳು. “ನಾ ಕೇಳಿದ್ನೇನ್ರಿ ನಿಮಗ, ಉಳಸ್ರಿ ಅಂತ?” ಎಂದಳು.

ಹೋಗಬೇಡ ಎಂದು ನೀನು ಬರೆದರೂ ನಾನು ವನದುರ್ಗಕ್ಕೆ ಹೋಗುತ್ತಿದ್ದೇನೆ, ನೀನು ಬರುವವರೆಗೆ ಹೋಗುತ್ತೇನೆ. ಸಾಲಾಗಿ ನಿಲ್ಲಿಸಿ ಕೇಳುವುದನ್ನು ಬಿಟ್ಟಿದ್ದೇನೆ. ಈಗ ಒಬ್ಬೊಬ್ಬಳನ್ನೇ ಬೇವಿನ ಮರದ ಹತ್ತಿರ ಕರೆದು ಕೇಳುತ್ತೇನೆ. ನೋವಿದೆಯಾ ಎಂದು ಕೇಳುವುದಿಲ್ಲ. “ಎಲ್ಲಿ ನೋವು ಅದ?” ಎಂದು ಕೇಳುತ್ತೇನೆ. ಹಾಗೆ ಕೇಳಿದರೆ ಹೇಳುತ್ತಾರೆ. ನನ್ನ ಕಿವಿ ಮಂದ ಎಂದು ಹತ್ತಿರ ಬಂದು ಹೇಳುತ್ತಾರೆ. ನಿನ್ನ ಪುಸ್ತಕದ ಬದನೆಕಾಯಿ ಕೊನೆಗೂ ನನ್ನ ರೊಟ್ಟಿಗೆ ಪಲ್ಯವಾಯಿತು.

ಹದಿನೈದು ವರ್ಷ ತಡವಾಗಿ ನಿನ್ನನ್ನೂ ಒಬ್ಬಳನ್ನೇ ಕರೆದು ಕೇಳುತ್ತಿದ್ದೇನೆ. ಸೂಗಪ್ಪ ಹೇಳಿದ್ದು ಸೂಗಪ್ಪನ ಉತ್ತರ. ನಿನ್ನದು ನನಗೆ ಬೇಕು.

ಕಸ್ತೂರಿ, ಎಲ್ಲಿ ನೋವು ಅದವ್ವಾ?

ಪರಮಣ್ಣ


ಪುಣೆ
1 ಅಕ್ಟೋಬರ್ 2024

ಸರ್ ಅವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಸಿಟ್ಟು ಇಳಿದಿದೆ, ಬೇಸರ ಇಳಿದಿಲ್ಲ. ರೇವತಿಯ ಮುಖ ನೋಡುವುದು ಹೇಗೆಂದು ಯೋಚಿಸುತ್ತಿದ್ದೇನೆ. ಅವಳ ಕಾಲಿಗೆ ನಲವತ್ತು ತಿರುವು ಬರೆದುಕೊಟ್ಟವಳು ನಾನು, ಡಾಕ್ಟರರ ಮಾತಿನಲ್ಲಿ ಒಂದು ವಾರ ಕಡಿಮೆ ಮಾಡಿದವಳೂ ನಾನು. ನಾನು ಅವಳನ್ನು ಹಾಸ್ಟೆಲ್ಲಿಗೆ ಕಳಿಸಲು ಹೊರಟಿದ್ದೆನೋ, ಗುಲ್ಬರ್ಗದಲ್ಲಿ ಬಿಟ್ಟು ಬಂದ ನನ್ನನ್ನು ಕಳಿಸಲು ಹೊರಟಿದ್ದೆನೋ, ನನಗೇ ಗೊತ್ತಿಲ್ಲ. ಇದನ್ನು ಬಂದ ದಿನವೇ ಅವಳಿಗೆ ಹೇಳುತ್ತೇನೆ. ಅವಳು ನನಗೂ ಬೆನ್ನು ಹಾಕಿದರೆ, ಆ ಬೆನ್ನಿನ ಹಿಂದೆ ಕೂರುತ್ತೇನೆ.

ನೀವು ವನದುರ್ಗಕ್ಕೆ ಬರುವುದನ್ನು ನಿಲ್ಲಿಸಬೇಡಿ.

ನಿನ್ನೆ ಮೇಡಂ ಹತ್ತಿರ ಹೋಗಿ, ಆಗಸ್ಟಿನಲ್ಲಿ ನಾನು ಕೊಟ್ಟ ಚೀಟಿ ಸುಳ್ಳು ಎಂದು ಹೇಳಿದೆ. ಇನ್ನೊಂದು ಚೀಟಿ ಕೊಡಿ ಎಂದು ಕೇಳಿದೆ. ಯಾರಿಗೆ ಕೊಡುತ್ತೀಯ ಎಂದರು. ನಮ್ಮ ಸರ್‌ಗೆ ಎಂದೆ. ಈ ಪತ್ರದ ಜೊತೆ ಇಟ್ಟಿದ್ದೇನೆ.

ಕಸ್ತೂರಿ


(ಜೊತೆಗಿದ್ದ ಚೀಟಿ)

ಎಡ ಮೊಣಕಾಲು. ಪಂದ್ಯಕ್ಕೆ ಎಂಟು ದಿನ ಮೊದಲಿನಿಂದ. ಮೆಟ್ಟಿಲು ಇಳಿಯುವಾಗ ಈಗಲೂ ಅದ ಸರ್.
ಕಸ್ತೂರಿ ಸೂಗಪ್ಪ, ಸಗರ